ಹಳೆಯ ಶೀಟಿನ ಮಾಡು ಸೋಲಾರ್ ಪ್ಯಾನೆಲ್ ತಾಳುತ್ತದೆಯೇ?

ಪ್ರಶ್ನೆ: ನಮ್ಮ ಮನೆ ಕಾಪು ಕಡೆ, ಸಮುದ್ರದಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದೆ. ಎರಡು ಅಂತಸ್ತಿನ ಆರ್‌ಸಿಸಿ ಮನೆ. ಟೆರೇಸ್ ಸೋರುತ್ತದೆ ಅಂತ 2016ರಲ್ಲಿ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟು ಹಾಕಿಸಿದೆವು. ಈಗ ಬಟ್ಟೆ, ಅಡಿಕೆ ಎಲ್ಲ ಅಲ್ಲೇ ಒಣಗುವುದು. ಟ್ರಸ್‌ಗಳು (ಮಾಡು ಹೊರುವ ತ್ರಿಕೋನ ಚೌಕಟ್ಟುಗಳು) ಹತ್ತಡಿಗೊಂದು ಇವೆ. ಪರ್ಲಿನ್, ಅಂದರೆ ಟ್ರಸ್‌ಗಳ ಮೇಲೆ ಅಡ್ಡ ಹಾಯ್ದು ಶೀಟು ಹಿಡಿಯುವುದು, ಎರಡಿಂಚು-ಒಂದಿಂಚಿನ ಪೈಪು, ನಾಲ್ಕಡಿಗೊಂದು. ಪೈಪಿನ ದಪ್ಪ 2 ಮಿ.ಮೀ. ಅಂತ ಬಿಲ್ಲಿನಲ್ಲಿದೆ. ಮಾಡು (ಛಾವಣಿ) ಪೂರ್ವಕ್ಕೂ ಪಶ್ಚಿಮಕ್ಕೂ ಇಳಿಜಾರಾಗಿದೆ. 3 ಕಿಲೋವ್ಯಾಟ್ ಸೋಲಾರ್ ಹಾಕಿಸಬೇಕೆಂದಿದ್ದೇವೆ. ಸೋಲಾರ್‌ನವರು ಶೀಟಿನ ಮೇಲೆಯೇ ಬ್ರಾಕೆಟ್ ಸ್ಕ್ರೂ ಮಾಡುತ್ತೇವೆ, ಒಂದು ದಿನದ ಕೆಲಸ ಎನ್ನುತ್ತಾರೆ. ಊರಿನ ವೆಲ್ಡಿಂಗ್‌ನವರು ಬೇಡ, ಮೇಲೆ ಇನ್ನೊಂದು ಫ್ರೇಮ್ ಎತ್ತರಿಸಿ ದಕ್ಷಿಣಕ್ಕೆ ಓರೆ ಮಾಡಿ ಕೊಡುತ್ತೇನೆ, ರೆಡ್ ಆಕ್ಸೈಡ್ ಹೊಡೆದು ಪೈಂಟ್ ಮಾಡಿದರೆ ಸಾಕು ಎನ್ನುತ್ತಾರೆ. ನಮ್ಮ ಭಾವನಿಗೆ ಭಾರಕ್ಕೆ ಮಾಡು ಕುಸಿದೀತು ಎಂಬ ಹೆದರಿಕೆ. ಪಕ್ಕದ ಮನೆಯವರು ಪ್ಯಾನೆಲ್ ಸಿಡಿಲನ್ನು ಎಳೆಯುತ್ತದೆ ಎಂದಿದ್ದಾರೆ. ತೂತು ಮಾಡಿದರೆ ಸೋರುವುದಿಲ್ಲವೇ? ಶೀಟನ್ನೇ ತೆಗೆದು ಪ್ಯಾನೆಲ್‌ಗಳನ್ನೇ ಮಾಡಿನ ಹಾಗೆ ಹೊದಿಸಬಹುದೇ?

ಉತ್ತರ: ಕರಾವಳಿಯಲ್ಲಿ ಟೆರೇಸ್ ಮೇಲೆ ಶೀಟು ಇಲ್ಲದ ಮನೆಯೇ ಈಗ ಕಡಿಮೆ. ಹಾಗಾಗಿ ಇದು ನಿಮ್ಮೊಬ್ಬರ ಪ್ರಶ್ನೆಯಲ್ಲ. ಸುರತ್ಕಲ್‌ನಿಂದ ಕುಂದಾಪುರದವರೆಗೆ ಸೋಲಾರ್‌ಗೆ ಮೊದಲು ಮಾಡು ನೋಡಿ ಹೇಳಿ ಎಂದು ಕರೆಯುವವರೆಲ್ಲ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. ನೀವು ಅಳತೆಗಳನ್ನೂ ಬರೆದಿದ್ದೀರಿ. ಅದರಿಂದ ತುಂಬ ಉಪಕಾರವಾಯಿತು, ಸುಮ್ನೆ ಅಂದಾಜಿನಲ್ಲಿ ಹೇಳಬೇಕಾಗಿಲ್ಲ.

ಮೊದಲು ಭಾವನವರ ಹೆದರಿಕೆ. ಈಗ ಮಾರುಕಟ್ಟೆಯಲ್ಲಿರುವ 540 ವ್ಯಾಟಿನ ಒಂದು ಪ್ಯಾನೆಲ್ ಸುಮಾರು 28 ಕೆ.ಜಿ. ತೂಗುತ್ತದೆ. ಉದ್ದ ಹತ್ತಿರ ಹತ್ತಿರ 2.28 ಮೀಟರ್, ಅಗಲ 1.13 ಮೀಟರ್. 3 ಕಿಲೋವ್ಯಾಟಿಗೆ ಇಂಥವು ಆರು ಬೇಕು. ಪ್ಯಾನೆಲ್ ಕೂರುವ ಅಲ್ಯೂಮಿನಿಯಂ ಪಟ್ಟಿ (ರೈಲು), ಅದಕ್ಕೆ ಪ್ಯಾನೆಲ್ ಬಿಗಿಯುವ ಕ್ಲಾಂಪು ಎಲ್ಲ ಸೇರಿ ಇನ್ನೂರು ಕೆ.ಜಿ. ಅಂತಿಟ್ಟುಕೊಳ್ಳಿ. ಅದು ಹರಡುವುದು ಹದಿನೈದೂವರೆ ಚದರ ಮೀಟರ್ ಜಾಗದಲ್ಲಿ. ಅಂದರೆ ಚದರ ಮೀಟರಿಗೆ 13 ಕೆ.ಜಿ. ಶೀಟು ಮತ್ತು ಪರ್ಲಿನ್‌ನ ಸ್ವಂತ ತೂಕ ಸೇರಿಸಿದರೂ 20ರ ಆಸುಪಾಸು. ನೀವು ಬರೆದ ಅಳತೆಯ ಪೈಪು, ಹತ್ತಡಿ ಅಂತರದಲ್ಲಿ, ನಾಲ್ಕಡಿಗೊಂದು ಹಾಕಿದಾಗ ಚದರ ಮೀಟರಿಗೆ ಸುಮಾರು 45 ಕೆ.ಜಿ. ಭಾರವನ್ನು ಸುರಕ್ಷಿತವಾಗಿ ತಾಳುತ್ತದೆ. ಪೈಪು ನಿಜವಾಗಿಯೂ 2 ಮಿ.ಮೀ. ಇದ್ದರೆ, ಒಳಗೆ ತುಕ್ಕು ತಿಂದಿಲ್ಲದಿದ್ದರೆ. ಹಾಗಾಗಿ ಪ್ಯಾನೆಲ್‌ನ ತೂಕಕ್ಕೆ ನಿಮ್ಮ ಮಾಡು ಕುಸಿಯುವುದಿಲ್ಲ.

ಹಾಗಂತ ಧೈರ್ಯವಾಗಿ ಹಾಕಿ ಎಂದೂ ಹೇಳಲಾರೆ. ಅಪಾಯ ಬರುವುದು ಎದುರು ದಿಕ್ಕಿನಿಂದ. ಗಾಳಿ ಮಾಡನ್ನು ಕೆಳಗೆ ಒತ್ತುವುದಕ್ಕಿಂತ ಮೇಲಕ್ಕೆ ಎಳೆಯುವುದೇ ಜಾಸ್ತಿ. ನಿಮ್ಮದು ನಾಲ್ಕೂ ಕಡೆ ತೆರೆದ ಮಾಡು. ಗಾಳಿ ಅಡಿಯಿಂದ ನುಗ್ಗಿ ಎತ್ತುತ್ತದೆ, ಮೇಲಿನಿಂದ ಹೀರುತ್ತದೆ. ಮಳೆಗಾಲದಲ್ಲಿ ಕೊಡೆ ಮಗುಚುವುದು ನೋಡಿದ್ದೀರಲ್ಲ, ಅದೇ ಕೆಲಸ ಇಲ್ಲೂ ನಡೆಯುತ್ತದೆ.

ಕಟ್ಟಡಗಳ ಮೇಲಿನ ಗಾಳಿಯ ಲೆಕ್ಕಕ್ಕೆ ನಮ್ಮಲ್ಲಿ ಐಎಸ್ 875ರ ಮೂರನೇ ಭಾಗ ಎಂಬ ಮಾನದಂಡವಿದೆ. 2015ರಲ್ಲಿ ಅದನ್ನು ಪರಿಷ್ಕರಿಸಿದರು. ಅದರಲ್ಲಿ ಮಂಗಳೂರಿಗೆ ಕೊಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಲೋಮೀಟರ್. ದಿನಾ ಬೀಸುವ ಗಾಳಿ ಅಲ್ಲ ಇದು. ಐವತ್ತು ವರ್ಷಕ್ಕೊಮ್ಮೆ ಬರಬಹುದಾದ ಒಂದು ಹೊಡೆತ. ಆದರೆ ಪ್ಯಾನೆಲ್ ಇಪ್ಪತ್ತೈದು ವರ್ಷ ಇರಬೇಕಾದ ವಸ್ತು ತಾನೇ? 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ತೀರಕ್ಕೆ ಬಂದು ಅಪ್ಪಳಿಸಲೂ ಇಲ್ಲ, ಸಮುದ್ರದಲ್ಲೇ ಉತ್ತರಕ್ಕೆ ಹೋಯಿತು. ಅಷ್ಟಕ್ಕೇ ದಕ್ಷಿಣ ಕನ್ನಡ, ಉಡುಪಿಯ ಕಡಲತೀರದಲ್ಲಿ ಎಷ್ಟು ಹಾನಿಯಾಯಿತು ಎಂದು ನಿಮಗೆ ನೆನಪಿರಬಹುದು.

ಆ 140 ಕಿಲೋಮೀಟರ್ ಗಾಳಿಯ ಒತ್ತಡ ಚದರ ಮೀಟರಿಗೆ 90 ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಒಂದು ಪ್ಯಾನೆಲ್‌ನ ಮೈ ಎರಡೂವರೆ ಚದರ ಮೀಟರ್. ಅಂದರೆ 28 ಕೆ.ಜಿ.ಯ ಪ್ಯಾನೆಲ್ ಅನ್ನು ಮೇಲಕ್ಕೆ ಎಳೆಯುವ ಬಲ 200 ಕೆ.ಜಿ. ದಾಟಬಹುದು. ಮಾಡಿನ ಅಂಚು, ಮೂಲೆಗಳಲ್ಲಿ ಇನ್ನೂ ಜಾಸ್ತಿ. ನಿಮ್ಮ ಪರ್ಲಿನ್ ತಾಳುವುದು ಚದರ ಮೀಟರಿಗೆ 45. 90ರಲ್ಲಿ ಮಾಡು, ಪ್ಯಾನೆಲ್ ಸೇರಿದ ತೂಕ 20 ಕೆ.ಜಿ. ಕಳೆದರೂ ಉಳಿದ 70ಕ್ಕೆ ಅದು ಸಾಲದು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಈ ಕೊರತೆ ಪ್ಯಾನೆಲ್‌ನಿಂದ ಬಂದದ್ದಲ್ಲ. ನಿಮ್ಮ ಮಾಡಿನಲ್ಲಿ ಮೊದಲೇ ಇದೆ. ಶೀಟು ಹಾಕುವಾಗ ಯಾರೂ ಗಾಳಿಯ ಲೆಕ್ಕ ಹಾಕುವುದಿಲ್ಲ, ವಾಡಿಕೆಯಂತೆ ಪೈಪು ತಂದು ವೆಲ್ಡ್ ಮಾಡುತ್ತಾರೆ. ಶೀಟಿಗೆ ಸಮಾನಾಂತರವಾಗಿ, ಹತ್ತಿರದಲ್ಲೇ ಪ್ಯಾನೆಲ್ ಕೂರಿಸಿದರೆ ಒಟ್ಟು ಎಳೆತ ಇಮ್ಮಡಿಯೇನೂ ಆಗುವುದಿಲ್ಲ. ಆಗುವ ಬದಲಾವಣೆ ಬೇರೆ. ಇಲ್ಲಿಯವರೆಗೆ ಆ ಎಳೆತ ನೂರಾರು ಶೀಟು ಸ್ಕ್ರೂಗಳಲ್ಲಿ ಹಂಚಿ ಹೋಗುತ್ತಿತ್ತು. ಇನ್ನು ಮುಂದೆ ಪ್ಯಾನೆಲ್ ಇರುವ ಜಾಗದಲ್ಲಿ ಅದು ಕೆಲವೇ ಬ್ರಾಕೆಟ್‌ಗಳಲ್ಲಿ ಬಂದು ಸೇರುತ್ತದೆ. ಆ ಬ್ರಾಕೆಟ್ ಯಾವುದನ್ನು ಹಿಡಿದುಕೊಂಡಿದೆ ಎಂಬುದೇ ಎಲ್ಲ.

ಅದಕ್ಕೇ ಸೋಲಾರ್‌ನವರನ್ನು ಮೊದಲು ಇದನ್ನು ಕೇಳಿ: ಸ್ಕ್ರೂ ಹೋಗುವುದು ಬರೀ ಶೀಟಿಗೋ, ಶೀಟು ದಾಟಿ ಪರ್ಲಿನ್‌ಗೋ? ಒಂದು ದಿನದಲ್ಲಿ ಮುಗಿಯುವ ಕೆಲಸ ಎಂದರೆ ಬಹುಶಃ ಮಿನಿ ರೈಲು. ಗೇಣುದ್ದದ ಅಲ್ಯೂಮಿನಿಯಂ ತುಂಡನ್ನು ಶೀಟಿನ ಏಣಿನ (ಉಬ್ಬಿದ ಗೆರೆಯ) ಮೇಲಿಟ್ಟು ನಾಲ್ಕು ಸ್ಕ್ರೂ ಹೊಡೆಯುತ್ತಾರೆ. ದೊಡ್ಡ ಕಾರ್ಖಾನೆಗಳ ಗಟ್ಟಿ ಹೊಸ ಶೀಟಿನ ಮೇಲೆ, ಎಲ್ಲ ಲೆಕ್ಕ ಹಾಕಿ ಮಾಡುವಾಗ ಅದು ಸರಿಯಾದ ಪದ್ಧತಿಯೇ. ಆದರೆ ಅರ್ಧ ಮಿ.ಮೀ. ದಪ್ಪದ, ಹತ್ತಿರ ಹತ್ತು ವರ್ಷ ಉಪ್ಪು ಗಾಳಿ ತಿಂದ ಶೀಟನ್ನು ನಂಬಿ ಪ್ಯಾನೆಲ್ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಸಮುದ್ರ ಕೂಗಳತೆಯಲ್ಲಿದ್ದಾಗ ಬ್ರಾಕೆಟ್ ಉಕ್ಕನ್ನೇ ಕಚ್ಚಬೇಕು.

ಆ ಉಕ್ಕು ಹೇಗಿದೆ ಎಂದು ನೋಡುವುದು ಮುಂದಿನ ಕೆಲಸ. ನನ್ನ ಅನುಭವದಲ್ಲಿ ಜನ ತಪ್ಪು ತಿಳಿಯುವುದು ಇಲ್ಲೇ. ಮಳೆಯಲ್ಲಿ ನೆನೆಯುವ ಕಬ್ಬಿಣಕ್ಕೆ ತುಕ್ಕು, ಮಾಡಿನಡಿ ಇರುವುದಕ್ಕೆ ಏನೂ ಆಗುವುದಿಲ್ಲ ಅಂತ ಎಲ್ಲರ ನಂಬಿಕೆ. ಕಡಲ ಬದಿಯಲ್ಲಿ ನಡೆಯುವುದು ಹೆಚ್ಚಾಗಿ ಅದಕ್ಕೆ ವಿರುದ್ಧ. ಗಾಳಿ ತಂದ ಉಪ್ಪು ಎಲ್ಲ ಕಡೆಯೂ ಕೂರುತ್ತದೆ. ತೆರೆದ ಜಾಗದ ಉಪ್ಪನ್ನು ನಮ್ಮ ಮಳೆ, ಅದೂ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರುವ ಮಳೆ, ಚೆನ್ನಾಗಿ ತೊಳೆದು ಬಿಡುತ್ತದೆ. ಶೀಟಿನ ಅಡಿಯ ಪರ್ಲಿನ್‌ಗೆ ಆ ತೊಳೆತ ಸಿಗುವುದಿಲ್ಲ. ಉಪ್ಪು ಅಲ್ಲೇ ಕೂತು, ಗಾಳಿಯಲ್ಲಿನ ತೇವ ಹೀರಿ, ವರ್ಷವಿಡೀ ಕಬ್ಬಿಣವನ್ನು ಒದ್ದೆಯಾಗಿ ಇಡುತ್ತದೆ. ಶೀಟು ಮತ್ತು ಪರ್ಲಿನ್ ಒಂದಕ್ಕೊಂದು ತಾಗುವ ಗೆರೆ, ವೆಲ್ಡಿಂಗ್ ಮಾಡಿದ ಜಾಗ, ಕಂಬದ ಬುಡದ ಎರಡು ಮೂರು ಇಂಚು: ಮೊದಲು ಹೋಗುವುದು ಇವು. ಪ್ಯಾನೆಲ್ ಹಾಕಿದ ಮೇಲೆ ಅದರ ಅಡಿಯ ಶೀಟಿಗೂ ಇದೇ ಗತಿ.

ನೀವೇ ನೋಡಬಹುದು. ಸಮುದ್ರದ ಕಡೆಯ ಅಂಚಿನಲ್ಲಿ ಒಂದು ಶೀಟಿನ ಸ್ಕ್ರೂಗಳನ್ನು ಬಿಚ್ಚಿಸಿ, ಶೀಟು ಸ್ವಲ್ಪ ಎತ್ತಿಸಿ, ಪರ್ಲಿನ್‌ನ ಮೇಲ್ಮೈ ನೋಡಿ. ಮೇಲುಮೇಲಿನ ಕೆಂಪು ಬಣ್ಣ ಇದ್ದರೆ ಉಜ್ಜಿದಾಗ ಹೋಗುತ್ತದೆ. ಪದರ ಪದರವಾಗಿ ಏಳುತ್ತಿದ್ದರೆ ಅದು ಬೇರೆ ವಿಷಯ. ಸಣ್ಣ ಸುತ್ತಿಗೆಯಲ್ಲಿ ಪೈಪಿನ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಪೈಪು ಟಣ್ ಎನ್ನುತ್ತದೆ, ತಿಂದು ಹೋದದ್ದು ಮಂಕಾಗಿ ಸದ್ದು ಮಾಡುತ್ತದೆ. ವೆಲ್ಡಿಂಗ್ ಇರುವಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಎರಡು ಮೂರು ಕಡೆ ಸಣ್ಣ ತೂತು ಕೊರೆಸಿ ಪೈಪಿನ ದಪ್ಪವನ್ನು ಅಳೆಸಿ. ಬಿಲ್ಲಿನಲ್ಲಿ 2 ಮಿ.ಮೀ. ಇದ್ದು ಪೈಪು 1.6 ಇರುವುದು ಅಪರೂಪವಲ್ಲ. ಚೌಕ ಪೈಪುಗಳ ತುದಿ ತೆರೆದೇ ಇದ್ದರೆ ತೇವ, ಉಪ್ಪು ಒಳಗೂ ಹೋಗಿರುತ್ತದೆ. ಹೊರಗೆ ಪೈಂಟ್ ಹೊಳೆಯುತ್ತಿದ್ದರೂ ಒಳಗಿನಿಂದ ಪೈಪು ತೆಳ್ಳಗಾಗಿರಬಹುದು. ಕರಾವಳಿಯಲ್ಲಿ ನನಗೆ ಪೈಪಿಗಿಂತ ಸಿ ಆಕಾರದ ಪರ್ಲಿನ್ ಇಷ್ಟವಾಗುವುದಕ್ಕೆ ಇದೂ ಒಂದು ಕಾರಣ. ಅದರ ಒಳಮೈ ಕಣ್ಣಿಗೆ ಕಾಣುತ್ತದೆ, ಬ್ರಷ್ ಹೋಗುತ್ತದೆ.

ಆಮೇಲೆ ಕಂಬದ ಬುಡ. ಬೇಸ್ ಪ್ಲೇಟಿನ ಬೋಲ್ಟು ಯಾವುದರೊಳಗೆ ಹೋಗಿದೆ? ಆರ್‌ಸಿಸಿ ಸ್ಲ್ಯಾಬಿನ ಕೆಳಗಿನ ಬೀಮಿಗೆ ಅಥವಾ ಕಂಬಕ್ಕೆ ನೇರವಾಗಿದ್ದರೆ ಒಳ್ಳೆಯದು. ಎಷ್ಟೋ ಮನೆಗಳಲ್ಲಿ ಟೆರೇಸಿನ ಜಾಗ ಹಾಳಾಗದಿರಲಿ ಎಂದು ಕಂಬವನ್ನು ಪ್ಯಾರಾಪೆಟ್ ಗೋಡೆಯ ಮೇಲೆ ನಿಲ್ಲಿಸಿರುತ್ತಾರೆ. ನಮ್ಮ ಕಡೆ ಆ ಗೋಡೆ ಕೆಂಪುಕಲ್ಲಿನದು. ಕೆಂಪುಕಲ್ಲು ಭಾರವನ್ನು ಹೊರುತ್ತದೆ, ಆದರೆ ಬೋಲ್ಟನ್ನು ಮೇಲಕ್ಕೆ ಎಳೆದರೆ ಹಿಡಿದಿಟ್ಟುಕೊಳ್ಳುವುದಿಲ್ಲ, ಪುಡಿಯಾಗಿ ಬಿಟ್ಟುಕೊಡುತ್ತದೆ. ನಿಮ್ಮ ಕಂಬಗಳು ಹಾಗಿದ್ದರೆ ಮೇಲೆ ಎಂಥ ಪರ್ಲಿನ್ ಹಾಕಿದರೂ ಉಪಯೋಗವಿಲ್ಲ. ಮೊದಲು ಬುಡ ಸರಿಯಾಗಬೇಕು: ಕಂಬದಿಂದ ಸ್ಲ್ಯಾಬಿಗೆ ಆ್ಯಂಗಲ್ ಕೊಟ್ಟು, ಕೆಮಿಕಲ್ ಆ್ಯಂಕರ್ (ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟು) ಹಾಕಿ ಬಿಗಿಸಬೇಕು. ಸ್ಲ್ಯಾಬ್ ತೂತು ಮಾಡಿದಲ್ಲೆಲ್ಲ ವಾಟರ್‌ಪ್ರೂಫಿಂಗ್ ಸರಿಮಾಡಿಸಬೇಕು.

ಇನ್ನು ನಿಮಗೆ ಇರುವ ದಾರಿಗಳು. ವೆಲ್ಡಿಂಗ್‌ನವರು ಹೇಳಿದ್ದನ್ನು ಮೊದಲು ಬದಿಗಿಡುತ್ತೇನೆ. ಶೀಟಿನ ಮೇಲೆ ಇನ್ನೊಂದು ಓರೆ ಫ್ರೇಮ್ ಎತ್ತರಿಸುವುದು ನಿಮ್ಮ ಮನೆಗೆ ಬೇಡ. ಉಡುಪಿ ಇರುವುದು ಹದಿಮೂರು ಡಿಗ್ರಿ ಅಕ್ಷಾಂಶದಲ್ಲಿ. ಸೂರ್ಯ ವರ್ಷದ ಬಹುಪಾಲು ನೆತ್ತಿಯ ಹತ್ತಿರವೇ ಇರುತ್ತಾನೆ. ದಕ್ಷಿಣಕ್ಕೆ ಓರೆ ಮಾಡಿದರೆ ಒಳ್ಳೆಯದು ನಿಜ. ಆದರೆ ಹತ್ತು-ಹದಿನೈದು ಡಿಗ್ರಿ ಇಳಿಜಾರಿನ ಪೂರ್ವ ಅಥವಾ ಪಶ್ಚಿಮದ ಮಾಡಿನಲ್ಲಿ ಕಳೆದುಕೊಳ್ಳುವುದು ನೂರಕ್ಕೆ ಕೆಲವೇ ಯೂನಿಟ್. ಅಷ್ಟಕ್ಕಾಗಿ ಗಾಳಿಗೆ ಎದೆಯೊಡ್ಡಿ ನಿಲ್ಲುವ ಫ್ರೇಮನ್ನು ಈ ಸಣಕಲು ಪರ್ಲಿನ್‌ಗಳ ಮೇಲೆ ನಿಲ್ಲಿಸಬಾರದು. ತೆಂಗಿನ ಮರದ ನೆರಳು ಯಾವ ಬದಿಗೆ ಕಡಿಮೆ ಬೀಳುತ್ತದೆಯೋ ಆ ಬದಿ ಆರಿಸಿಕೊಳ್ಳಿ. ದಿಕ್ಕಿಗಿಂತ ನೆರಳೇ ಜಾಸ್ತಿ ನಷ್ಟ ಮಾಡುವುದು. ಹೆಡಲು, ಕಾಯಿ ಬೀಳುವಷ್ಟು ಹತ್ತಿರ ಮರ ಇದ್ದರಂತೂ ಆ ಬದಿ ಬೇಡವೇ ಬೇಡ.

ತಪಾಸಣೆಯಲ್ಲಿ ಪೈಪು ಗಟ್ಟಿಯಿದೆ, ಕಂಬದ ಬುಡ ಸರಿಯಿದೆ ಎಂದಾದರೆ ಕಡಿಮೆ ಖರ್ಚಿನ ದಾರಿ, ಈಗಿರುವ ಪ್ರತಿ ಎರಡು ಪರ್ಲಿನ್ ನಡುವೆ ಇನ್ನೊಂದು ಸೇರಿಸುವುದು. ನಾಲ್ಕಡಿ ಅಂತರ ಎರಡಡಿಯಾಗುತ್ತದೆ, ತಾಳುವ ಬಲ 45ರಿಂದ 90ಕ್ಕೆ ಏರುತ್ತದೆ. ಪ್ಯಾನೆಲ್ ಬರುವ ಬದಿಯಲ್ಲಿ ಮಾತ್ರ ಮಾಡಿದರೆ ಸಾಕು. ಅಪಾಯ ಎಲ್ಲಿದೆ ಎಂದರೆ, ಹಳೆಯ ಪೈಪುಗಳ ಉಳಿದ ಆಯುಷ್ಯ ಎಷ್ಟು ಎಂದು ಯಾರೂ ಬರೆದು ಕೊಡಲಾರರು. ಎಂಟು ಹತ್ತು ವರ್ಷದಲ್ಲಿ ಅವು ಸೋತರೆ ಪ್ಯಾನೆಲ್ ಎಲ್ಲ ಇಳಿಸಿ, ಮಾಡು ಬಿಚ್ಚಿ, ಮತ್ತೆ ಕಟ್ಟಬೇಕು. ಆ ಖರ್ಚು ಈಗ ಉಳಿಸಿದ್ದಕ್ಕಿಂತ ದೊಡ್ಡದು.

ನನ್ನನ್ನು ಕೇಳಿದರೆ, ಪ್ಯಾನೆಲ್ ಕೂರುವ ಭಾಗದ ಶೀಟು, ಪರ್ಲಿನ್ ಎರಡನ್ನೂ ಈಗಲೇ ತೆಗೆದು ಹೊಸದು ಹಾಕಿ. 100 ಮಿ.ಮೀ. ಎತ್ತರದ, 50 ಮಿ.ಮೀ. ಅಗಲದ, 2 ಮಿ.ಮೀ. ದಪ್ಪದ ಸಿ ಪರ್ಲಿನ್ ಮೀಟರಿಗೆ ಸುಮಾರು ಮೂರೂವರೆ ಕೆ.ಜಿ. ತೂಗುತ್ತದೆ. ನಿಮ್ಮ ಈಗಿನ ಪೈಪು ಎರಡೂಕಾಲು ಕೆ.ಜಿ. ಉಕ್ಕು ಒಂದೂವರೆ ಪಟ್ಟು, ಆದರೆ ಬಾಗುವುದನ್ನು ತಡೆಯುವ ಶಕ್ತಿ ನಾಲ್ಕು ಪಟ್ಟು. ಉಕ್ಕನ್ನು ಎತ್ತರದಲ್ಲಿ ಹಂಚಿದ್ದರಿಂದ ಸಿಗುವ ಲಾಭ ಇದು. ಒಂದು ಷರತ್ತಿದೆ. ಗಾಳಿ ಮೇಲಕ್ಕೆ ಎಳೆದಾಗ ಸಿ ಪರ್ಲಿನ್ ತಿರುಚಿಕೊಳ್ಳಲು ನೋಡುತ್ತದೆ. ಹತ್ತಡಿಯ ನಡುವಿನಲ್ಲಿ ಒಂದು ಸ್ಯಾಗ್ ರಾಡ್ ಅಥವಾ ಆ್ಯಂಗಲ್ ಕೊಟ್ಟು ಪರ್ಲಿನ್‌ಗಳನ್ನು ಒಂದಕ್ಕೊಂದು ಕಟ್ಟಬೇಕು. ಟ್ರಸ್ಸಿಗೆ ಜೋಡಿಸುವಾಗ ವೆಲ್ಡಿಂಗ್ ಬದಲು ಕ್ಲೀಟ್ (ಸಣ್ಣ ಆ್ಯಂಗಲ್ ತುಂಡು) ಇಟ್ಟು ಎರಡೆರಡು ಬೋಲ್ಟ್ ಹಾಕಿಸಿ. ಟ್ರಸ್ ಕೂಡ ಇದೇ ತಪಾಸಣೆಯಲ್ಲಿ ಪಾಸಾಗಿರಬೇಕು ಎನ್ನುವುದನ್ನು ಬೇರೆ ಹೇಳಬೇಕಿಲ್ಲ.

ಮೂರನೆಯ ದಾರಿ, ಟೆರೇಸಿನ ಬೀಮುಗಳ ಮೇಲೆಯೇ ಬೇರೆ ಕಂಬಗಳನ್ನು ನಿಲ್ಲಿಸಿ, ಅವನ್ನು ಶೀಟು ದಾಟಿಸಿ ಮೇಲೆ ಪ್ಯಾನೆಲ್‌ಗೆ ಸ್ವತಂತ್ರ ಆಧಾರ ಕಟ್ಟುವುದು. ಹಳೆಯ ಮಾಡಿನ ಹಂಗೇ ಇಲ್ಲ. ಬಲದ ದೃಷ್ಟಿಯಿಂದ ತುಂಬ ಒಳ್ಳೆಯದು. ಆದರೆ ಪ್ರತಿ ಕಂಬ ಶೀಟು ತೂರುವ ಜಾಗವೂ ಸೋರುವ ಜಾಗ. ಅಲ್ಲಿ ರಬ್ಬರ್ ಕಾಲರ್ ಸರಿಯಾಗಿ ಕೂರಿಸುವ ಕೆಲಸಗಾರರು ಬೇಕು. ಖರ್ಚೂ ಎಲ್ಲಕ್ಕಿಂತ ಜಾಸ್ತಿ.

ಈಗ ರೆಡ್ ಆಕ್ಸೈಡ್‌ನ ಮಾತು. ರೆಡ್ ಆಕ್ಸೈಡ್ ಒಂದು ಪ್ರೈಮರ್ ಅಷ್ಟೇ. ಒಳನಾಡಿನಲ್ಲಿ, ವರ್ಷ ವರ್ಷ ಪೈಂಟ್ ಮಾಡಲು ಕೈಗೆಟಕುವ ಗೇಟಿಗೆ, ಗ್ರಿಲ್ಲಿಗೆ ಸರಿ. ಪ್ಯಾನೆಲ್‌ನ ಅಡಿ ಒಮ್ಮೆ ಮುಚ್ಚಿ ಹೋದ ಉಕ್ಕಿಗೆ ಮತ್ತೆ ಯಾರು ಬಣ್ಣ ಹಚ್ಚುತ್ತಾರೆ? ಅಲ್ಲಿ ಬೇಕಾದದ್ದು ಸತುವಿನ ಲೇಪ. ಅದರಲ್ಲೂ ಜನ ಮೋಸ ಹೋಗುತ್ತಾರೆ, ಯಾಕೆಂದರೆ ಅಂಗಡಿಯಲ್ಲಿ ಸತು ಲೇಪಿಸಿದ ಎಲ್ಲವನ್ನೂ ಜಿಐ ಎಂದೇ ಕರೆಯುತ್ತಾರೆ.

ಮೊದಲೇ ಸತು ಹಚ್ಚಿದ ತಗಡನ್ನು ಮಡಚಿ ಮಾಡಿದ ಪೈಪು ಒಂದು. ಅದನ್ನು ಜಿಪಿ ಎನ್ನುತ್ತಾರೆ. 120 ಜಿಎಸ್ಎಂ ಎಂದು ಬರೆದಿದ್ದರೆ ಎರಡೂ ಬದಿ ಸೇರಿ ಚದರ ಮೀಟರಿಗೆ 120 ಗ್ರಾಂ ಸತು. ಒಂದು ಬದಿಗೆ ಬರುವುದು ಎಂಟು ಮೈಕ್ರಾನ್ ಚಿಲ್ಲರೆ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿ.ಮೀ.). 275 ಜಿಎಸ್ಎಂ ಆದರೆ ಹತ್ತೊಂಬತ್ತು ಮೈಕ್ರಾನ್. ಕೊರೆದು, ಕತ್ತರಿಸಿ, ವೆಲ್ಡ್ ಮಾಡಿ ಎಲ್ಲ ಮುಗಿದ ಮೇಲೆ ಇಡೀ ತುಂಡನ್ನು ಕರಗಿದ ಸತುವಿನ ತೊಟ್ಟಿಯಲ್ಲಿ ಅದ್ದಿ ತೆಗೆಯುವುದು ಇನ್ನೊಂದು, ಹಾಟ್ ಡಿಪ್. ಇದರಲ್ಲಿ ಅರವತ್ತರಿಂದ ಎಂಬತ್ತು ಮೈಕ್ರಾನ್, ದಪ್ಪ ಉಕ್ಕಾದರೆ ಇನ್ನೂ ಹೆಚ್ಚು ಕೂರುತ್ತದೆ. ಉಪ್ಪು ಗಾಳಿಯ ಊರಿನಲ್ಲಿ ವರ್ಷಕ್ಕೆ ಎರಡರಿಂದ ನಾಲ್ಕು ಮೈಕ್ರಾನ್ ಸತು ಸವೆಯುತ್ತದೆ ಎಂದು ಹಿಡಿಯುವುದು ವಾಡಿಕೆ. ಅಲೆಯ ತುಂತುರು ತಾಗುವ ದಂಡೆಯಲ್ಲಿ ಅದರ ಎರಡರಷ್ಟು. ಈಗ ನೀವೇ ಲೆಕ್ಕ ಹಾಕಿ. ಎಂಟು ಮೈಕ್ರಾನ್ ಎರಡು ನಾಲ್ಕು ವರ್ಷ. ಹತ್ತೊಂಬತ್ತು ಮೈಕ್ರಾನ್ ಹತ್ತು ವರ್ಷದೊಳಗೆ. ಎಂಬತ್ತು ಮೈಕ್ರಾನ್ ಇದ್ದರೆ ಮಾತ್ರ ಪ್ಯಾನೆಲ್‌ನ ಆಯುಷ್ಯಕ್ಕೆ ಸಮ ಬರುತ್ತದೆ.

ಹಾಗಾಗಿ ಬಿಲ್ಲಿನಲ್ಲಿ ಬರೀ ಜಿಐ ಎಂದು ಬರೆಸಿಕೊಳ್ಳಬೇಡಿ. ಹಾಟ್ ಡಿಪ್, ಸರಾಸರಿ 80 ಮೈಕ್ರಾನ್ ಎಂದು ಬರೆಸಿ. ಮಾಲು ಅಂಗಳಕ್ಕೆ ಬಂದಾಗ ಲೇಪ ಅಳೆಯುವ ಮೀಟರ್ ತರಲು ಹೇಳಿ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಉಪಕರಣ ಅದು. ಪ್ರತಿ ತುಂಡಿನಲ್ಲೂ ನಾಲ್ಕೈದು ಕಡೆ ಇಟ್ಟು ನೋಡಿ. 2 ಮಿ.ಮೀ. ಉಕ್ಕಿನಲ್ಲಿ 65ಕ್ಕಿಂತ ಕೆಳಗೆ ತೋರಿಸಿದರೆ ವಾಪಸ್ ಕಳಿಸಿ. ಅದ್ದಿ ತಂದ ಮೇಲೆ ಮನೆಯಲ್ಲಿ ವೆಲ್ಡಿಂಗ್ ಮಾಡಲು ಬಿಡಬೇಡಿ. ವೆಲ್ಡ್ ಮಾಡಿದಲ್ಲಿ ಸತು ಸುಟ್ಟು ಹೋಗುತ್ತದೆ, ಮೊದಲ ತುಕ್ಕು ಅಲ್ಲಿಂದಲೇ ಶುರು. ಅನಿವಾರ್ಯವಾಗಿ ಒಂದು ತೂತು ಕೊರೆಯಬೇಕಾಗಿ ಬಂದರೆ ಸತು ಜಾಸ್ತಿ ಇರುವ ಪೈಂಟನ್ನು ಎರಡು ಮೂರು ಸಲ ಹಚ್ಚಿಸಿ. ಬೆಳ್ಳಿ ಬಣ್ಣದ ಸಾದಾ ಸ್ಪ್ರೇ ಹೊಡೆದು ಮುಚ್ಚಿದರೆ ಒಪ್ಪಿಕೊಳ್ಳಬೇಡಿ.

ಬ್ರಾಕೆಟ್ ಕೂರಿಸುವ ರೀತಿಗೆ ಬರೋಣ, ಸೋರುವ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ತೂತು ಮಾಡಿದ ಮಾತ್ರಕ್ಕೆ ಮಾಡು ಸೋರುವುದಿಲ್ಲ. ನಿಮ್ಮ ಶೀಟಿನಲ್ಲಿ ಈಗಾಗಲೇ ನೂರಾರು ತೂತುಗಳಿವೆ ಅಲ್ವಾ? ಸೋರುವುದು ತಪ್ಪು ಜಾಗದಲ್ಲಿ, ತಪ್ಪು ರೀತಿಯಲ್ಲಿ ಮಾಡಿದಾಗ. ನೀರು ಹರಿಯುವ ತಗ್ಗಿನಲ್ಲಿ ಸ್ಕ್ರೂ ಹೊಡೆದರೆ ಸೋರುತ್ತದೆ, ಏಣಿನ ನೆತ್ತಿಯಲ್ಲಿ ಹೊಡೆದರೆ ನೀರು ಅಲ್ಲಿ ನಿಲ್ಲುವುದೇ ಇಲ್ಲ. ಪರ್ಲಿನ್ ತಪ್ಪಿ ಖಾಲಿ ಜಾಗಕ್ಕೆ ಹೋದ ಸ್ಕ್ರೂವನ್ನು ಕಿತ್ತು ಪಕ್ಕದಲ್ಲಿ ಇನ್ನೊಂದು ಹೊಡೆಯುತ್ತಾರೆ, ಮೊದಲಿನ ತೂತು ಹಾಗೇ ಉಳಿಯುತ್ತದೆ. ಇದನ್ನು ತಪ್ಪಿಸಲು ಕೆಲಸ ಶುರುಮಾಡುವ ಮೊದಲೇ ಪರ್ಲಿನ್ ಇರುವ ಗೆರೆಯನ್ನು ನೂಲು ಕಟ್ಟಿ ಶೀಟಿನ ಮೇಲೆ ಗುರುತು ಹಾಕಿಸಿ. ಬ್ರಾಕೆಟ್‌ನ ಅಡಿ ಇಪಿಡಿಎಂ ರಬ್ಬರಿನ ಪ್ಯಾಡ್, ಬ್ಯುಟೈಲ್ ಟೇಪ್ ಬೇಕು. ಸ್ಕ್ರೂವನ್ನು ಡ್ರಿಲ್ಲಿನಲ್ಲಿ ಸಿಕ್ಕಾಪಟ್ಟೆ ಬಿಗಿದರೆ ವಾಷರಿನ ರಬ್ಬರ್ ಹೊರಗೆ ಉಬ್ಬಿ ಸೀಳುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಬದಿಯಿಂದ ನೀರು ಇಳಿಯುತ್ತದೆ. ನಿಮಗೆ ಕೆಳಗೆ ಆರ್‌ಸಿಸಿ ಇರುವುದರಿಂದ ಒಂದೆರಡು ಹನಿ ಬಿದ್ದರೆ ಅಡಿಕೆ ಸರಿಸಿದರಾಯಿತು. ಆದರೆ ಆ ಹನಿ ದಿನಾ ಬೀಳುವುದು ಮೊದಲು ಪರ್ಲಿನ್ ಮೇಲೆ.

ನಿಮ್ಮ ಮಾಡಿನಲ್ಲಿ ಪರ್ಲಿನ್ ಉತ್ತರ-ದಕ್ಷಿಣಕ್ಕೆ ಮಲಗಿದೆ. ರೈಲುಗಳು ಅದಕ್ಕೆ ಅಡ್ಡವಾಗಿ, ಇಳಿಜಾರಿನ ದಿಕ್ಕಿನಲ್ಲಿ ಬರಲಿ. ರೈಲು ದಾಟುವ ಪ್ರತಿ ಪರ್ಲಿನ್ ಮೇಲೂ ಒಂದು ಬ್ರಾಕೆಟ್ ಇರಲಿ, ಒಂದು ಬಿಟ್ಟು ಒಂದಕ್ಕೆ ಹಾಕಿ ಉಳಿಸುವುದು ಬೇಡ. ಎರಡು ರೈಲಿನ ಅಂತರ ಎಷ್ಟಿರಬೇಕು ಎಂದು ಪ್ಯಾನೆಲ್ ಕಂಪನಿಯ ಕೈಪಿಡಿಯಲ್ಲೇ ಇರುತ್ತದೆ. ಕ್ಲಾಂಪು ಉದ್ದ ಬದಿಯ ಯಾವ ಭಾಗದಲ್ಲಿ ಹಿಡಿಯಬೇಕು ಎಂದು ಚಿತ್ರ ಬರೆದು ತೋರಿಸಿರುತ್ತಾರೆ. ಈ ಅಳತೆಯ ಪ್ಯಾನೆಲ್‌ಗೆ ಅದು ಸಾಮಾನ್ಯವಾಗಿ ಒಂದು ಮೀಟರ್ ಚಿಲ್ಲರೆಯಿಂದ 1.4 ಮೀಟರ್. ಆ ಗೆರೆ ಬಿಟ್ಟು ಹಿಡಿದರೆ ಗಾಳಿಗೆ ಗಾಜು ಬಾಗಿ ಒಳಗಿನ ಸೆಲ್ ಬಿರುಕು ಬಿಡುತ್ತದೆ, ವಾರಂಟಿಯೂ ಕೈ ತಪ್ಪುತ್ತದೆ. ಶೀಟಿನ ಅಂಚಿನಿಂದ ಎಲ್ಲ ಕಡೆ ಎರಡಡಿ ಒಳಗೆ ಪ್ಯಾನೆಲ್ ನಿಲ್ಲಲಿ. ಗಾಳಿಯ ಎಳೆತ ಅಂಚಿನಲ್ಲೇ ಜೋರು, ಮತ್ತೆ ತೊಳೆಯಲು ಹೋಗುವವರಿಗೆ ಕಾಲಿಡಲು ಜಾಗವೂ ಬೇಕು. ಶೀಟಿಗೂ ಪ್ಯಾನೆಲ್‌ಗೂ ನಡುವೆ ನಾಲ್ಕಿಂಚಿನಷ್ಟು ಗಾಳಿಯಾಡುವ ಸಂದು ಸಾಕು. ಪ್ಯಾನೆಲ್ ಕಾದಷ್ಟೂ ಕರೆಂಟ್ ಕಡಿಮೆ, ಒಂದೊಂದು ಡಿಗ್ರಿಗೂ ಸುಮಾರು ಶೇ. 0.35. ಹಾಗಂತ ಸಂದನ್ನು ಒಂದಡಿ ಮಾಡಲು ಹೋದರೆ ಗಾಳಿಗೆ ಹಿಡಿತ ಕೊಟ್ಟ ಹಾಗೆ.

ಬೋಲ್ಟುಗಳಲ್ಲಿ ಕಂಜೂಸಿ ಮಾಡಬೇಡಿ. ಸಮುದ್ರ ಒಂದು ಕಿಲೋಮೀಟರ್ ಇರುವಾಗ 304ರ ಬದಲು 316 ದರ್ಜೆಯ ಸ್ಟೇನ್‌ಲೆಸ್ ಕೇಳಿ. ಇಡೀ ವ್ಯವಸ್ಥೆಗೆ ಬೇಕಾದದ್ದು ಒಂದು ಚೀಲದಷ್ಟು ಬೋಲ್ಟು, ಬೆಲೆಯ ವ್ಯತ್ಯಾಸ ಒಟ್ಟು ಖರ್ಚಿನಲ್ಲಿ ಕಾಣುವುದೇ ಇಲ್ಲ. ಅಲ್ಯೂಮಿನಿಯಂ ರೈಲು ಕಬ್ಬಿಣದ ಬ್ರಾಕೆಟ್ಟಿಗೆ ನೇರ ತಾಗಬಾರದು. ಉಪ್ಪು ನೀರು ನಡುವೆ ಸೇರಿದರೆ ಎರಡು ಲೋಹಗಳಲ್ಲಿ ಒಂದು ಬೇಗ ಕರಗುತ್ತದೆ. ರಬ್ಬರ್ ಅಥವಾ ನೈಲಾನ್ ಪ್ಯಾಡ್ ಇರಲಿ. ಕ್ಲಾಂಪು ಬಿಗಿಯಲು ಟಾರ್ಕ್ ಸ್ಪ್ಯಾನರ್ (ಎಷ್ಟು ಬಲದಲ್ಲಿ ಬಿಗಿದೆವು ಎಂದು ತೋರಿಸುವ ಸ್ಪ್ಯಾನರ್) ತಂದಿದ್ದಾರೆಯೇ ನೋಡಿ. ಎಂ8 ಬೋಲ್ಟಿಗೆ ಹೆಚ್ಚಿನ ಕೈಪಿಡಿಗಳು 16ರಿಂದ 20 ನ್ಯೂಟನ್ ಮೀಟರ್ ಹೇಳುತ್ತವೆ. ಸ್ಟೇನ್‌ಲೆಸ್ ನಟ್ಟನ್ನು ಒಣಗಿದ್ದ ಹಾಗೇ ಯಂತ್ರದಲ್ಲಿ ಬಿಗಿದರೆ ಕಚ್ಚಿಕೊಂಡು ನಿಲ್ಲುತ್ತದೆ. ಬಿಗಿಯಾದ ಹಾಗೆ ಕಾಣುತ್ತದೆ, ಕ್ಲಾಂಪು ಮಾತ್ರ ಸಡಿಲ ಇರುತ್ತದೆ. ಎಳೆಗೆ ಸ್ವಲ್ಪ ಆ್ಯಂಟಿ ಸೀಜ್ ಪೇಸ್ಟ್ ಹಚ್ಚಿದರೆ ಈ ತೊಂದರೆಯಿಲ್ಲ.

ಸಿಡಿಲಿನ ವಿಷಯ. ಪ್ಯಾನೆಲ್ ಸಿಡಿಲನ್ನು ಕರೆದು ತರುವುದಿಲ್ಲ. ಇಷ್ಟು ವರ್ಷ ತಲೆಯ ಮೇಲಿದ್ದ ಕಬ್ಬಿಣದ ಮಾಡಿಗಿಂತ ಅದು ಹೆಚ್ಚೇನೂ ಅಲ್ಲ. ಆದರೆ ಸಿಡಿಲು ಹತ್ತಿರದಲ್ಲೆಲ್ಲೋ ಬಿದ್ದರೂ ತಂತಿಯಲ್ಲಿ ಹುಟ್ಟುವ ವೋಲ್ಟೇಜಿಗೆ ಇನ್ವರ್ಟರ್ ಸುಟ್ಟು ಹೋಗಬಹುದು. ನೆರೆಯವರು ಕೇಳಿದ ಕಥೆಗಳ ಹಿಂದೆ ಇದೇ ಇರಬಹುದು. ಅದಕ್ಕೆ ಡಿಸಿ (ಪ್ಯಾನೆಲ್ ಕಡೆ), ಎಸಿ (ಮನೆಯ ಕಡೆ) ಎರಡೂ ಬದಿಗೆ ಎಸ್‌ಪಿಡಿ, ಅಂದರೆ ಇಂಥ ಹೆಚ್ಚುವರಿ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ, ಬೇಕು. ಸಿಡಿಲು ಕಡ್ಡಿಗೆ, ಡಿಸಿಗೆ, ಎಸಿಗೆ ಬೇರೆ ಬೇರೆ ಅರ್ತಿಂಗ್ ಗುಂಡಿ ಇರಬೇಕು. ನಮ್ಮ ಮುರಮಣ್ಣು ಬೇಸಿಗೆಯಲ್ಲಿ ಒಣಗಿದಾಗ ಕರೆಂಟನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಜುಲೈಯಲ್ಲಿ ಅಳೆದು ಸರಿಯಿದೆ ಎಂದರೆ ನಂಬಬೇಡಿ, ಏಪ್ರಿಲ್‌ನಲ್ಲಿ ಅಳೆಸಿ. ನಮ್ಮಲ್ಲಿ ಸಿಡಿಲು ಜೋರಾಗುವುದೂ ಆಗಲೇ ತಾನೇ. ಪ್ಯಾನೆಲ್‌ನ ಫ್ರೇಮಿನ ಮೇಲೆ ಆನೊಡೈಸ್ ಮಾಡಿದ ಪದರ ಕರೆಂಟು ಹರಿಯಲು ಬಿಡುವುದಿಲ್ಲ. ಆದ್ದರಿಂದ ಬರೀ ಕ್ಲಾಂಪಿನಿಂದ ಅರ್ತ್ ಆಯಿತು ಎಂದುಕೊಳ್ಳುವಂತಿಲ್ಲ, ಆ ಪದರ ಕೊರೆಯುವ ಹಲ್ಲಿನ ವಾಷರ್ ಅಥವಾ ಅರ್ತಿಂಗ್ ಲಗ್ ಬೇಕು.

ಶೀಟು ತೆಗೆದು ಪ್ಯಾನೆಲ್‌ಗಳನ್ನೇ ಮಾಡು ಮಾಡುವುದು ಕೇಳಲು ಚೆನ್ನಾಗಿದೆ, ಶೀಟಿನ ದುಡ್ಡು ಉಳಿಯುತ್ತದೆ. ಒಳನಾಡಿನ ಕಾರ್ ಪಾರ್ಕಿಂಗ್‌ಗಳಲ್ಲಿ ನಡೆಯುತ್ತದೆ. ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ನೇರ ಬೀಳುವುದಿಲ್ಲ, ಗಾಳಿಯೊಡನೆ ಅಡ್ಡ ಬೀಸುತ್ತದೆ. ಪ್ಯಾನೆಲ್‌ಗಳ ಸಂದಿಗೆ ರಬ್ಬರ್, ಅದರಡಿ ನೀರಿನ ಚಾನೆಲ್ ಕೊಟ್ಟರೂ ಒಂದು ಪ್ಯಾನೆಲ್ ಬದಲಿಸಬೇಕಾದ ದಿನ ಎಲ್ಲ ಬಿಚ್ಚಬೇಕು. ಟೆರೇಸ್ ಒಣಗಿರಬೇಕು ಎಂಬುದಕ್ಕೇ ನೀವು ಶೀಟು ಹಾಕಿದ್ದು. ಈ ದಾರಿ ನಿಮಗಲ್ಲ.

ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ ಸಿಗುವ ಸಬ್ಸಿಡಿ 78,000 ರೂಪಾಯಿ. ಅದು ಸೋಲಾರ್ ವ್ಯವಸ್ಥೆಗೆ, ಹಳೆಯ ಮಾಡು ಗಟ್ಟಿ ಮಾಡುವ ಖರ್ಚನ್ನು ನೀವೇ ಹಾಕಬೇಕು. ಹಾಗಾಗಿ ಸೋಲಾರ್‌ನವರ ಕೊಟೇಶನ್ನಿನಲ್ಲಿ ಉಕ್ಕಿನ ಕೆಲಸವನ್ನು ಬೇರೆಯಾಗಿ ಬರೆಸಿಕೊಳ್ಳಿ: ಯಾವ ಸೈಜು, ಎಷ್ಟು ದಪ್ಪ, ಲೇಪ ಎಷ್ಟು, ಬೋಲ್ಟು ಯಾವ ದರ್ಜೆ. ಪ್ಯಾನೆಲ್‌ಗೆ ಉಪ್ಪು ಮಂಜಿನ ಪರೀಕ್ಷೆ, ಐಇಸಿ 61701, ಆಗಿದೆಯೇ ಎಂದೂ ಕೇಳಿ. ಕೆಲವು ಕಂಪನಿಗಳು ಸಮುದ್ರಕ್ಕೆ ಹತ್ತಿರದ ಮನೆಗಳಿಗೆ ವಾರಂಟಿಯಲ್ಲಿ ಬೇರೆ ಷರತ್ತು ಹಾಕುತ್ತವೆ. ಸಹಿ ಮಾಡುವ ಮೊದಲು ಆ ಪುಟ ಓದಿ.

ಮಾಡು ಬಿಚ್ಚುವ ಕೆಲಸ ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ಇಟ್ಟುಕೊಳ್ಳಿ, ಏನೇ ಆದರೂ ಪತ್ತನಾಜೆಯ (ಮೇ ಕೊನೆಯ ವಾರದ) ಮೊದಲು ಮುಗಿಯಲಿ. ಮೊದಲ ಮಳೆಗಾಲ ಕಳೆದ ಕೂಡಲೇ ಎಲ್ಲ ಕ್ಲಾಂಪು, ಬ್ರಾಕೆಟ್ ಮತ್ತೊಮ್ಮೆ ಬಿಗಿದು ನೋಡಬೇಕು, ಅದನ್ನೂ ಒಪ್ಪಂದದಲ್ಲಿ ಬರೆಸಿ. ಪ್ಯಾನೆಲ್ ತೊಳೆಯುವಾಗ ಪೈಪು ಹಿಡಿದು ಅಡಿಯ ಶೀಟು, ರೈಲು, ಬ್ರಾಕೆಟ್‌ಗಳಿಗೂ ಸಿಹಿನೀರು ಬಿಡಿ. ಡಿಸೆಂಬರ್‌ನಿಂದ ಮೇವರೆಗೆ ತಿಂಗಳಿಗೊಮ್ಮೆ ಹೀಗೆ ಮಾಡಿದರೂ ಸಾಕು.

ಈಗ ನೀವು ಮಾಡಬೇಕಾದದ್ದು ಅಳತೆ. ಪೈಪಿನ ದಪ್ಪ ಮೂರು ಕಡೆಯದು, ಸಮುದ್ರದ ಬದಿಯದು ಸೇರಿ. ಟ್ರಸ್ ಯಾವ ಪೈಪಿನದು, ಕಂಬಗಳು ಎಷ್ಟು, ಬೇಸ್ ಪ್ಲೇಟ್ ಸ್ಲ್ಯಾಬಿನ ಮೇಲೋ ಪ್ಯಾರಾಪೆಟ್ ಮೇಲೋ. ಇಷ್ಟು ಬರೆದು, ಕಂಬದ ಬುಡದ ಮತ್ತು ಎರಡು ವೆಲ್ಡಿಂಗ್‌ಗಳ ಫೋಟೋ ಜೊತೆಗೆ ಕಳಿಸಿ. ಹಳೆಯದನ್ನು ಉಳಿಸಿಕೊಳ್ಳಬಹುದೋ, ಹೊಸ ಪರ್ಲಿನ್ ಎಷ್ಟು ಬೇಕು ಎಂದು ಲೆಕ್ಕ ಹಾಕಿ ಹೇಳುತ್ತೇನೆ. ಅಲ್ಲಿಯವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ.